ಕಾಗದದಲ್ಲಿ ಒಬ್ಬರು, ಮನೆಯಲ್ಲಿ ಇಬ್ಬರು: ಸಲಿಂಗ ಜೋಡಿಗಳು ಮಗುವನ್ನು ದತ್ತು ಪಡೆದು ಬೆಳೆಸುವ ಬಗೆ

ತುಮಕೂರಿನ ಡಿಸಿ ಕಚೇರಿಯಲ್ಲಿ ದತ್ತು ಆದೇಶಕ್ಕೆ ಸಹಿ ಬೀಳುವಾಗ ಅದರಲ್ಲಿ ನಿಮ್ಮಿಬ್ಬರಲ್ಲಿ ಒಬ್ಬರ ಹೆಸರು ಮಾತ್ರ ಇರುತ್ತದೆ. ಇವತ್ತಿನ ಕಾನೂನಿನಲ್ಲಿ ಇದನ್ನು ದಾಟುವ ದಾರಿ ಇಲ್ಲ. ಹಾಗಾಗಿ ನಿಮ್ಮ ಕೆಲಸ ಎರಡು ಭಾಗ. ಒಬ್ಬರು ಮಗುವಿಗೆ ಕಾನೂನಿನ ತಂದೆಯೋ ತಾಯಿಯೋ ಆಗುವುದು ಮೊದಲನೆಯದು. ಇನ್ನೊಬ್ಬರನ್ನು ಬೇರೆ ಬೇರೆ ಕಾಗದಗಳಿಂದ, ಒಂದೊಂದೇ ಹೊಲಿಗೆ ಹಾಕಿದ ಹಾಗೆ, ಅದೇ ಮಗುವಿಗೆ ಜೋಡಿಸುವುದು ಎರಡನೆಯದು. ಬಹಳ ಜನ ಮೊದಲನೆಯದನ್ನು ಶ್ರದ್ಧೆಯಿಂದ ಮುಗಿಸಿ, ಎರಡನೆಯದನ್ನು "ಆಮೇಲೆ ನೋಡೋಣ" ಎಂದು ಬಿಟ್ಟಿರುತ್ತಾರೆ. ತೊಂದರೆ ಬರುವುದೆಲ್ಲ ಅಲ್ಲೇ.

ಕಾನೂನು ಈಗ ಎಲ್ಲಿ ನಿಂತಿದೆ

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಿಂದ ಹೊರಗಿಟ್ಟಿತು. ಒಟ್ಟಿಗೆ ಬಾಳುವುದು ಅಪರಾಧವಲ್ಲ. ಆದರೆ ಸಲಿಂಗ ಮದುವೆ ಕುರಿತು ಅದೇ ಕೋರ್ಟ್ ಕೊಟ್ಟ 2023ರ ಅಕ್ಟೋಬರ್ 17ರ ಸುಪ್ರಿಯೊ ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳೂ ಮದುವೆ ಮೂಲಭೂತ ಹಕ್ಕಲ್ಲ ಎಂದರು. ದತ್ತು ವಿಷಯದಲ್ಲಿ ಪೀಠ 3-2ರಲ್ಲಿ ಒಡೆಯಿತು. ಕನಿಷ್ಠ ಎರಡು ವರ್ಷದ ಸ್ಥಿರ ವೈವಾಹಿಕ ಸಂಬಂಧ ಇಲ್ಲದ ಜೋಡಿಗೆ ಮಗು ಕೊಡುವಂತಿಲ್ಲ ಎನ್ನುವ, ದತ್ತು ನಿಯಮಾವಳಿ 2022ರ ನಿಯಮ 5(3)ನ್ನು ರದ್ದು ಮಾಡಬೇಕು ಎಂದು ಇಬ್ಬರು ಬರೆದರು, ಮೂವರು ಉಳಿಸಿದರು. ಉಳಿಸಿದವರೇ ಇನ್ನೊಂದು ಮಾತನ್ನೂ ಬರೆದಿದ್ದಾರೆ: ಒಂಟಿಯಾಗಿ ದತ್ತು ಪಡೆದು ಆಮೇಲೆ ಸಂಗಾತಿಯ ಜೊತೆ ಬಾಳುವ ಕುಟುಂಬಗಳು ನಿಜಕ್ಕೂ ಇವೆ, ಅಂಥ ಮನೆಯ ಮಗು ಸೌಲಭ್ಯ ಕಳೆದುಕೊಳ್ಳದ ಹಾಗೆ ಸರ್ಕಾರ ಯೋಚಿಸಬೇಕು. ಮರುಪರಿಶೀಲನಾ ಅರ್ಜಿಗಳು 2025ರ ಜನವರಿಯಲ್ಲಿ ವಜಾ ಆದವು.

ಇದರ ಸಾರಾಂಶ ಇಷ್ಟೇ: ಜೋಡಿಯಾಗಿ ಅರ್ಜಿ ಹಾಕಲಾಗದು, ಒಬ್ಬರೇ ಹಾಕಬಹುದು. ಮದುವೆಯಾಗಿರಲಿ ಇಲ್ಲದಿರಲಿ ದತ್ತು ಪಡೆಯಬಹುದು ಎಂದು ದತ್ತು ನಿಯಮಾವಳಿ 2022 ಹೇಳುತ್ತದೆ. ಒಂಟಿ ಹೆಂಗಸು ಗಂಡು ಹೆಣ್ಣು ಯಾವ ಮಗುವನ್ನಾದರೂ ಪಡೆಯಬಹುದು. ಒಂಟಿ ಗಂಡಸಿಗೆ ಹೆಣ್ಣು ಮಗು ಕೊಡುವುದಿಲ್ಲ.

ಯಾರ ಹೆಸರಿನಲ್ಲಿ?

ಈ ತೀರ್ಮಾನವನ್ನು ಪ್ರೀತಿಯಿಂದ ಮಾಡಬೇಡಿ, ಲೆಕ್ಕ ಹಾಕಿ ಮಾಡಿ. "ಯಾರಿಗೆ ಮಗು ಮೇಲೆ ಆಸೆ ಹೆಚ್ಚು" ಎನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ.

ಮೊದಲು ವಯಸ್ಸು. ಒಂಟಿ ಅರ್ಜಿದಾರರಿಗೆ, ಎರಡು ವರ್ಷದೊಳಗಿನ ಮಗುವಿಗೆ ಗರಿಷ್ಠ ವಯಸ್ಸು 40. ಎರಡರಿಂದ ನಾಲ್ಕು ವರ್ಷದ ಮಗುವಿಗೆ 45, ನಾಲ್ಕರಿಂದ ಎಂಟಕ್ಕೆ 50, ಎಂಟು ದಾಟಿದ ಮಗುವಿಗೆ 55. ಮಗುವಿಗೂ ನಿಮಗೂ ಕನಿಷ್ಠ 25 ವರ್ಷದ ಅಂತರ ಇರಬೇಕು. ನೋಂದಣಿ ದಿನದ ವಯಸ್ಸನ್ನೇ ಹಿಡಿಯುವುದರಿಂದ, ಒಬ್ಬರು 39ರಲ್ಲಿ ಇದ್ದು ಕೂಸೇ ಬೇಕು ಎನ್ನುವುದಾದರೆ ಹಬ್ಬ ಕಳೆಯಲಿ ಎಂದು ಕಾಯಬೇಡಿ.

ಆಮೇಲೆ ತವರು. ಇದು ಯಾರೂ ಯೋಚಿಸದ ಅಂಶ, ಆದರೆ ಎಲ್ಲಕ್ಕಿಂತ ದೊಡ್ಡದು. ಕಾಗದದಲ್ಲಿರುವವರು ಅಕಸ್ಮಾತ್ ತೀರಿಕೊಂಡರೆ ಮಗುವಿನ ಮೇಲೆ ಮೊದಲು ಹಕ್ಕು ಕೇಳಿ ಬರುವವರು ಅವರ ಅಪ್ಪ, ಅಮ್ಮ, ಅಣ್ಣ, ತಮ್ಮ. ಹದಿನೈದು ವರ್ಷ ಎತ್ತಿ ಆಡಿಸಿದ ಸಂಗಾತಿ ಆ ಹೊತ್ತಿಗೆ ಕಾನೂನಿನ ಕಣ್ಣಲ್ಲಿ ಹೊರಗಿನವರು. ಆದ್ದರಿಂದ ಇಬ್ಬರಲ್ಲಿ ಯಾರ ಮನೆಯವರು ನಿಮ್ಮ ಬಾಳನ್ನು ಒಪ್ಪಿದ್ದಾರೋ, ಒಪ್ಪದಿದ್ದರೂ ಜಗಳಕ್ಕೆ ಬರುವುದಿಲ್ಲವೋ, ಅವರ ಹೆಸರಿನಲ್ಲಿ ಹೋಗುವುದು ಜಾಣತನ. ಒಂಟಿ ಅರ್ಜಿದಾರರು "ನನಗೇನಾದರೂ ಆದರೆ ಮಗುವನ್ನು ನಾವು ನೋಡಿಕೊಳ್ಳುತ್ತೇವೆ" ಎಂದು ಸಂಬಂಧಿಕರೊಬ್ಬರಿಂದ ಮುಚ್ಚಳಿಕೆ ಬರೆಸಿ ಕೊಡಬೇಕಾಗುತ್ತದೆ. ಆ ಸಂಬಂಧಿ ನಿಮ್ಮ ಸಂಗಾತಿಯನ್ನು ಮನೆಯವರಂತೆ ಕಾಣುವ ಅಕ್ಕನೋ ಸೋದರಮಾವನೋ ಆಗಿರಲಿ. ಸಹಿ ಬೇಗ ಸಿಗುತ್ತದೆಂದು ಸಿಕ್ಕವರ ಹತ್ತಿರ ಬರೆಸಿಕೊಂಡರೆ ಮುಂದೆ ಅದೇ ಕಾಗದ ನಿಮ್ಮ ವಿರುದ್ಧ ಕೋರ್ಟಿಗೆ ಬರುತ್ತದೆ.

ಮೂರನೆಯದು ಆದಾಯ, ಆರೋಗ್ಯ, ಕೆಲಸದ ಸ್ವಭಾವ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುವವರಿಗಿಂತ ಊರಲ್ಲೇ ಕೆಲಸ ಇರುವವರ ಅರ್ಜಿಗೆ, ಹಗಲು ಮಗುವನ್ನು ನೋಡಿಕೊಳ್ಳುವವರು ಯಾರು ಎನ್ನುವ ಪ್ರಶ್ನೆಗೆ ಉತ್ತರ ಸಲೀಸು.

ಸರ್ಕಾರಿ ದಾರಿ, ಹೆಜ್ಜೆ ಹೆಜ್ಜೆಯಾಗಿ

ಎಲ್ಲವೂ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ಕಾರಾದ, ಕೇರಿಂಗ್ಸ್ ಪೋರ್ಟಲ್ ಮೂಲಕವೇ. ಆಸ್ಪತ್ರೆಯಲ್ಲಿ ಆಯಾ ಹೇಳಿದಳು, ಮಠದಲ್ಲಿ ಒಂದು ಮಗು ಇದೆಯಂತೆ, ಎರಡು ಲಕ್ಷ ಕೊಟ್ಟರೆ ಆಗುತ್ತದಂತೆ ಎನ್ನುವ ಮಾತು ಕಿವಿಗೆ ಬಿದ್ದರೆ ಅಲ್ಲಿಂದ ಎದ್ದು ಬನ್ನಿ. ಮಗುವನ್ನು ಕೊಳ್ಳುವುದಕ್ಕೆ ಬಾಲನ್ಯಾಯ ಕಾಯ್ದೆಯ 81ನೇ ಕಲಮಿನಲ್ಲಿ ಐದು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ದಂಡ. ಮಗುವೂ ಕೈತಪ್ಪುತ್ತದೆ.

ಪೋರ್ಟಲ್‌ನಲ್ಲಿ ನೋಂದಣಿ ಮಾಡಿದ ಮೇಲೆ 30 ದಿನದೊಳಗೆ ದಾಖಲೆ ಏರಿಸಬೇಕು. ಪ್ಯಾನ್, ಜನನ ಪ್ರಮಾಣಪತ್ರ, ವಾಸದ ದಾಖಲೆ, ಕಳೆದ ವರ್ಷದ ಆದಾಯದ ದಾಖಲೆ, ವೈದ್ಯರ ಪ್ರಮಾಣಪತ್ರ, ಫೋಟೊ, ಪರಿಚಯಸ್ಥರಿಬ್ಬರ ಬೆಂಬಲ ಪತ್ರ, ಮೇಲೆ ಹೇಳಿದ ಮುಚ್ಚಳಿಕೆ. ಹಿಂದೆ ಮನೆಯವರ ಒತ್ತಾಯಕ್ಕೆ ಮದುವೆಯಾಗಿ ಬಿಟ್ಟವರು ನಮ್ಮಲ್ಲಿ ಕಡಿಮೆ ಇಲ್ಲ. ಅಂಥವರಿಗೆ ಕೋರ್ಟಿನ ವಿಚ್ಛೇದನದ ಡಿಕ್ರಿಯೇ ಬೇಕು. ಊರ ಹಿರಿಯರ ಮುಂದೆ ಬರೆದ ಬಿಡುಗಡೆ ಪತ್ರ ಲೆಕ್ಕಕ್ಕಿಲ್ಲ. ದಾಖಲೆ ತಿರಸ್ಕಾರವಾಗುವುದು ಹೆಚ್ಚಾಗಿ ಹೆಸರಿನ ಗೊಂದಲದಿಂದ: ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಪ್ಯಾನ್‌ನಲ್ಲಿ ಹಿಂದೆ, ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಪೂರ್ತಿ. ನೋಂದಣಿಗೆ ಮುಂಚೆ ಇದನ್ನು ಸರಿಮಾಡಿಕೊಳ್ಳಿ. 30 ದಿನ ಸಾಕಾಗುವುದಿಲ್ಲ.

ಮುಂದಿನದು ಮನೆ ಅಧ್ಯಯನ. ವಿಶೇಷ ದತ್ತು ಸಂಸ್ಥೆಯ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಮಾಜ ಕಾರ್ಯಕರ್ತರು 60 ದಿನದೊಳಗೆ ಬಂದು ವರದಿ ಹಾಕಬೇಕು. ಒಮ್ಮೆ ಆದ ವರದಿ ಮೂರು ವರ್ಷ ನಡೆಯುತ್ತದೆ. ವರದಿಗೆ 6,000 ರೂಪಾಯಿ, ಮಗು ಒಪ್ಪಿಕೊಂಡಾಗ ಶಿಶುಪಾಲನಾ ನಿಧಿಗೆ 50,000 ರೂಪಾಯಿ. ಪೋರ್ಟಲ್‌ನ ಶುಲ್ಕಪಟ್ಟಿಯಲ್ಲಿ ಇಲ್ಲದ ಯಾವುದಕ್ಕೂ, "ಪೆಟ್ರೋಲ್ ಖರ್ಚಿಗೆ" ಎಂದರೂ, ಹಣ ಕೊಡಬೇಡಿ.

ಸಲಿಂಗ ಜೋಡಿಗಳಿಗೆ ನಿಜವಾದ ಮುಳ್ಳು ಇರುವುದು ಈ ಮನೆ ಅಧ್ಯಯನದಲ್ಲಿ. ಸಂಗಾತಿಯೊಂದಿಗೆ ಮದುವೆಯಾಗದೆ ಬಾಳುತ್ತಿರುವ ಒಂಟಿ ಅರ್ಜಿದಾರರನ್ನು ಸ್ಥಿರ ಕುಟುಂಬವೆಂದು ಪರಿಗಣಿಸಲಾಗದು ಎಂದು ಕಾರಾ 2022ರ ಜೂನ್ 16ರಂದು ಸುತ್ತೋಲೆ ಹೊರಡಿಸಿದೆ. ಇದು ಗಂಡು ಹೆಣ್ಣಿನ ಲಿವ್-ಇನ್ ಜೋಡಿಗೂ ಅನ್ವಯ. ಹಾಗಾದರೆ ಏನು ಮಾಡುವುದು? ವೈವಾಹಿಕ ಸ್ಥಿತಿ ಎಂಬಲ್ಲಿ "ಅವಿವಾಹಿತ" ಎಂದು ಬರೆಯುವುದು ಸುಳ್ಳಲ್ಲ, ಕಾನೂನು ನಿಮ್ಮನ್ನು ಹಾಗೆಯೇ ನೋಡುತ್ತದೆ. ಮನೆಯಲ್ಲಿ ಯಾರ್‍ಯಾರು ವಾಸವಿದ್ದಾರೆ ಎಂಬ ಪ್ರಶ್ನೆಗೆ ಸುಳ್ಳು ಹೇಳುವುದು ಬೇರೆ ಮಾತು. ಸಂಗಾತಿಯನ್ನು ಆ ದಿನ ಲಾಡ್ಜಿಗೆ ಕಳಿಸಿ, ಎರಡನೇ ಹಲ್ಲುಜ್ಜುವ ಬ್ರಷ್ಷನ್ನು ಬಚ್ಚಿಟ್ಟು ನಡೆಸುವ ನಾಟಕ ಅಕ್ಕಪಕ್ಕದವರ ಒಂದು ಮಾತಿಗೆ ಬಿದ್ದುಹೋಗುತ್ತದೆ. ಮಗು ಮನೆಗೆ ಬಂದ ದಿನದಿಂದ ಎರಡು ವರ್ಷ, ಆರು ತಿಂಗಳಿಗೊಮ್ಮೆ, ಅವರೇ ಮನೆಗೆ ಬರುತ್ತಾರೆ ಎನ್ನುವುದು ನೆನಪಿರಲಿ. ಮಗು ನಿಮಗೆ ಹೊಂದಿಕೊಂಡ ಮೇಲೆ ತಕರಾರು ಎದ್ದರೆ ನೋಯುವುದು ಮಗು. ಅದಕ್ಕೇ ಅರ್ಜಿಗೆ ಮುಂಚೆ ವಕೀಲರೊಬ್ಬರ ಹತ್ತಿರ ಕೂತು ನಿಮ್ಮ ಮನೆಯ ನಿಜ ಸ್ಥಿತಿಯನ್ನು ಹೇಳಿ, ಈ ದಾರಿ ನಿಮಗೆ ಹೊಂದುತ್ತದೋ ಅಥವಾ ಕೆಳಗೆ ಹೇಳುವ ಮನೆತನದೊಳಗಿನ ದತ್ತು ಹೊಂದುತ್ತದೋ ತೀರ್ಮಾನಿಸಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ವರದಿ ಒಪ್ಪಿಗೆಯಾದ ಮೇಲೆ ಸರದಿ. ಆರೋಗ್ಯವಂತ ಕೂಸಿಗೆ ವರ್ಷಗಟ್ಟಲೆ ಕಾಯಬೇಕು. ಐದಾರು ವರ್ಷ ದಾಟಿದ ಮಕ್ಕಳಿಗೆ, ಅಣ್ಣ ತಂಗಿ ಜೊತೆಯಲ್ಲಿರುವವರಿಗೆ, ವಿಶೇಷ ಆರೈಕೆ ಬೇಕಾದವರಿಗೆ ಕಾಯುವಿಕೆ ಕಡಿಮೆ. ಮಗುವಿನ ವಿವರ ಬಂದಾಗ ಕಾಯ್ದಿರಿಸಲು ಇರುವುದು 48 ಗಂಟೆ ಮಾತ್ರ. ಫೋನ್ ನಂಬರ್ ಬದಲಿಸಿ ಪೋರ್ಟಲ್‌ನಲ್ಲಿ ತಿದ್ದದೆ ಈ ಅವಕಾಶ ಕಳೆದುಕೊಂಡವರಿದ್ದಾರೆ. ವೈದ್ಯಕೀಯ ವರದಿಯನ್ನು ಓದಿಸಲು ಒಬ್ಬ ಮಕ್ಕಳ ವೈದ್ಯರನ್ನು ಮೊದಲೇ ಗೊತ್ತು ಮಾಡಿಟ್ಟುಕೊಳ್ಳಿ. ಆಮೇಲೆ ಮಗುವನ್ನು ನೋಡಿ ಒಪ್ಪಿಕೊಳ್ಳುವುದು, ದತ್ತು ಪೂರ್ವ ಪೋಷಣೆಯಲ್ಲಿ ಮನೆಗೆ ಕರೆತರುವುದು, ಜಿಲ್ಲಾಧಿಕಾರಿಗೆ ಅರ್ಜಿ. 2022ರ ಸೆಪ್ಟೆಂಬರ್ 1ರಿಂದ ಆದೇಶ ಕೊಡುವವರು ಕೋರ್ಟ್ ಅಲ್ಲ, ಜಿಲ್ಲಾಧಿಕಾರಿ. ಎರಡು ತಿಂಗಳೊಳಗೆ ಆಗಬೇಕು, ವಿಚಾರಣೆ ಗೋಪ್ಯವಾಗಿ ನಡೆಯುತ್ತದೆ. ಪಾವಗಡದ ಕಡೆಯಿಂದ ಬರುವವರು ಆ ದಿನ ಪೂರ್ತಿ ಇಟ್ಟುಕೊಳ್ಳಿ, ಮಗುವಿಗೆ ಊಟ, ಬಟ್ಟೆ ಕಟ್ಟಿಕೊಂಡು ಬನ್ನಿ.

ಪೋಷಕತ್ವ, ಅಂದರೆ ಫಾಸ್ಟರ್ ಕೇರ್, ಎನ್ನುವ ಇನ್ನೊಂದು ಬಾಗಿಲು 2024ರಲ್ಲಿ ಅಗಲವಾಯಿತು. 35ರಿಂದ 60 ವರ್ಷದ ಒಂಟಿ ವ್ಯಕ್ತಿಯೂ ಆರು ದಾಟಿದ ಮಗುವನ್ನು ಮನೆಯಲ್ಲಿಟ್ಟು ಸಾಕಬಹುದು, ಎರಡು ವರ್ಷದ ನಂತರ ದತ್ತು ಕೇಳಬಹುದು. ಗಂಡಸಿಗೆ ಗಂಡು ಮಗು ಮಾತ್ರ ಎನ್ನುವ ನಿಯಮ ಇಲ್ಲೂ ಇದೆ.

ಮನೆತನದೊಳಗಿನ ದತ್ತು

ನಮ್ಮ ಕಡೆ ಅಕ್ಕನ ಮಗುವನ್ನು ತಮ್ಮ ಸಾಕುವುದು, ಅಣ್ಣನ ಮಗಳನ್ನು ತಂಗಿ ಬೆಳೆಸುವುದು ಹೊಸದೇನಲ್ಲ. ಕಾನೂನಿನಲ್ಲೂ ಇದು ಹತ್ತಿರದ ದಾರಿ. ಸರದಿ ಇಲ್ಲ. ಇದಕ್ಕೆ ಎರಡು ಬಗೆ.

ಹಿಂದೂ ದತ್ತು ಮತ್ತು ಜೀವನಾಂಶ ಕಾಯ್ದೆ 1956ರ ಪ್ರಕಾರ ಮದುವೆಯಾಗದ ಹಿಂದೂ, ಜೈನ, ಬೌದ್ಧ, ಸಿಖ್ ಗಂಡಸೂ ಹೆಂಗಸೂ ದತ್ತು ಪಡೆಯಬಹುದು. ಮಗು 15 ತುಂಬದ, ಮದುವೆಯಾಗದ, ಈ ಹಿಂದೆ ದತ್ತು ಹೋಗದ ಹಿಂದೂ ಮಗು ಆಗಿರಬೇಕು. ಹೆತ್ತ ತಂದೆ ತಾಯಿ ಇಬ್ಬರೂ ಒಪ್ಪಬೇಕು. ಗಂಡಸು ಹೆಣ್ಣು ಮಗುವನ್ನು, ಹೆಂಗಸು ಗಂಡು ಮಗುವನ್ನು ಪಡೆಯುವುದಾದರೆ 21 ವರ್ಷದ ಅಂತರ ಬೇಕು. ಗಮನಿಸಿ, ಒಂಟಿ ಗಂಡಸಿಗೆ ಹೆಣ್ಣು ಮಗುವನ್ನು ಪಡೆಯಲು ಇರುವ ದಾರಿ ಇದೇ. ಈಗಾಗಲೇ ಮಗ ಇರುವವರು ಇನ್ನೊಬ್ಬ ಮಗನನ್ನು, ಮಗಳು ಇರುವವರು ಇನ್ನೊಬ್ಬ ಮಗಳನ್ನು ಈ ಕಾಯ್ದೆಯಲ್ಲಿ ಪಡೆಯುವಂತಿಲ್ಲ. ಒಂದೇ ಮಗುವನ್ನು ಇಬ್ಬರು ಬೇರೆ ಬೇರೆ ವ್ಯಕ್ತಿಗಳು ಏಕಕಾಲಕ್ಕೆ ಪಡೆಯುವಂತಿಲ್ಲ ಎಂದೂ ಇದೆ. ಹಾಗಾಗಿ "ಇಬ್ಬರ ಹೆಸರೂ ಹಾಕಿ ಪತ್ರ ಮಾಡಿಕೊಡ್ತೀನಿ" ಎನ್ನುವ ಪತ್ರ ಬರಹಗಾರರ ಮಾತು ನಂಬಬೇಡಿ. ಆ ಪತ್ರ ನಿಲ್ಲುವುದಿಲ್ಲ.

ದತ್ತ ಹೋಮ ಕಡ್ಡಾಯವಲ್ಲ. ಕೊಡುವವರು ಮಗುವನ್ನು ಕೈಯಾರೆ ಕೊಡುವುದು, ಪಡೆಯುವವರು ಮಡಿಲಿಗೆ ತೆಗೆದುಕೊಳ್ಳುವುದು ಕಡ್ಡಾಯ. ಎಲೆ ಅಡಿಕೆ ಇಟ್ಟು ನಾಲ್ಕು ಜನರ ಮುಂದೆ ಮಾಡಿ, ಫೋಟೊ ತೆಗೆಸಿ, ದಿನಾಂಕವನ್ನು ಪತ್ರದಲ್ಲಿ ನಮೂದಿಸಿ. ಆಮೇಲೆ ದತ್ತು ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ಎರಡೂ ಕಡೆಯವರು ಸಹಿ ಮಾಡಿ ನೋಂದಣಿಯಾದ ಪತ್ರವನ್ನು ನ್ಯಾಯಾಲಯ ಸರಿಯೆಂದೇ ಹಿಡಿಯುತ್ತದೆ, ತಪ್ಪೆಂದು ತೋರಿಸುವ ಹೊರೆ ಎದುರಿನವರದು. ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿ ಬೀರುವಿನಲ್ಲಿಟ್ಟ ಪತ್ರಕ್ಕೆ ಈ ಬಲ ಇಲ್ಲ. ಪಾಸ್‌ಪೋರ್ಟ್ ಹೊತ್ತಿಗೆ ಇದು ಗೊತ್ತಾಗಿ ಪರದಾಡುವವರೇ ಹೆಚ್ಚು.

ಮುಸ್ಲಿಂ, ಕ್ರೈಸ್ತ ಮನೆಯವರಿಗೂ, ಮೊದಲ ಬಗೆ ಹೊಂದದವರಿಗೂ ಬಾಲನ್ಯಾಯ ಕಾಯ್ದೆಯ ಸಂಬಂಧಿಕರ ದತ್ತು ಇದೆ. ಮಗುವಿಗೆ ನೀವು ಚಿಕ್ಕಪ್ಪ, ದೊಡ್ಡಪ್ಪ, ಸೋದರತ್ತೆ, ಸೋದರಮಾವ, ಚಿಕ್ಕಮ್ಮ, ದೊಡ್ಡಮ್ಮ, ಇಲ್ಲವೇ ಅಜ್ಜ ಅಜ್ಜಿ ಆಗಿರಬೇಕು. ಅರ್ಜಿ ಕೇರಿಂಗ್ಸ್‌ನಲ್ಲೇ, ಆದೇಶ ಜಿಲ್ಲಾಧಿಕಾರಿಯದೇ.

ಹೆರುವ ದಾರಿಯ ಬಗ್ಗೆ ಎರಡೇ ಮಾತು. 2021ರ ಬಾಡಿಗೆ ತಾಯ್ತನ ಕಾಯ್ದೆ ಮದುವೆಯಾದ ಗಂಡ ಹೆಂಡತಿಗೆ, ಮತ್ತು 35ರಿಂದ 45ರ ವಿಧವೆ ಅಥವಾ ವಿಚ್ಛೇದಿತೆಗೆ ಮಾತ್ರ. ಗಂಡಸರ ಜೋಡಿಗೆ ಆ ಬಾಗಿಲು ಮುಚ್ಚಿದೆ. ಅದೇ ವರ್ಷದ ನೆರವಿನ ಸಂತಾನೋತ್ಪತ್ತಿ ಕಾಯ್ದೆಯಲ್ಲಿ 21 ದಾಟಿದ, 50 ತುಂಬದ ಒಂಟಿ ಹೆಂಗಸು ನೋಂದಾಯಿತ ಬ್ಯಾಂಕಿನ ದಾನಿ ವೀರ್ಯದಿಂದ ಮಗು ಪಡೆಯಬಹುದು. ಗೆಳೆಯನಿಂದ ಪಡೆದು ಮನೆಯಲ್ಲೇ ಪ್ರಯತ್ನಿಸುವುದು ಬೇಡ. ಸೋಂಕಿನ ಭಯ ಒಂದು ಕಡೆ, ನಾಳೆ ಅವನು ತಂದೆಯ ಹಕ್ಕು ಕೇಳಿದರೆ ತಡೆಯಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಎರಡನೆಯವರನ್ನು ಕಟ್ಟುವ ಕಾಗದಗಳು

ಮಗು ಬರುವ ಮುಂಚೆಯೇ ಕರಡು ಸಿದ್ಧವಿರಲಿ. ಬಂದ ಮೊದಲ ತಿಂಗಳಲ್ಲಿ ನಿದ್ದೆಯೇ ಇರುವುದಿಲ್ಲ, ವಕೀಲರ ಮನೆಗೆಲ್ಲಿ ಹೋಗುತ್ತೀರಿ?

ಉಯಿಲು ಮೊದಲು. ಕಾಗದದಲ್ಲಿರುವವರು ತಮ್ಮ ಉಯಿಲಿನಲ್ಲಿ ಸಂಗಾತಿಯನ್ನು ಮಗುವಿನ ಪಾಲಕರನ್ನಾಗಿ ನೇಮಿಸಬೇಕು. ಹಿಂದೂಗಳಿಗೆ 1956ರ ಅಪ್ರಾಪ್ತವಯಸ್ಕರ ಪಾಲಕತ್ವ ಕಾಯ್ದೆಯ 9ನೇ ಕಲಮು ಇದಕ್ಕೆ ಅವಕಾಶ ಕೊಡುತ್ತದೆ. ಯಾಕೆ ಇವರನ್ನೇ ನೇಮಿಸಿದೆ ಎಂಬುದನ್ನೂ ಬರೆಯಿರಿ: ಮಗು ಇಂಥ ದಿನದಿಂದ ಇವರ ಕೈಯಲ್ಲೇ ಬೆಳೆದಿದೆ, ಶಾಲೆಗೆ ಬಿಡುವವರು ಇವರು, ಕಾಯಿಲೆ ಬಿದ್ದಾಗ ನೋಡಿಕೊಂಡವರು ಇವರು. ಅಜ್ಜ ಅಜ್ಜಿ ಕೋರ್ಟಿಗೆ ಹೋದರೆ ನ್ಯಾಯಾಧೀಶರು ಅಳೆಯುವುದು ಮಗುವಿನ ಹಿತವನ್ನು. ಆಗ ಈ ಸಾಲುಗಳು ಕೆಲಸಕ್ಕೆ ಬರುತ್ತವೆ. ಇಬ್ಬರು ಸಾಕ್ಷಿಗಳು ಬೇಕು, ಉಯಿಲಿನಿಂದ ಲಾಭ ಪಡೆಯುವವರು ಸಾಕ್ಷಿ ಆಗಬಾರದು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ತವರಿನವರು "ಬಲವಂತವಾಗಿ ಬರೆಸಿಕೊಂಡಿದ್ದಾರೆ" ಎಂದಾಗ ಉಪನೋಂದಣಾಧಿಕಾರಿ ಮುಂದೆ ಒತ್ತಿದ ಹೆಬ್ಬೆಟ್ಟು ಮಾತಾಡುತ್ತದೆ.

ಎರಡನೆಯವರೂ ಉಯಿಲು ಬರೆಯಬೇಕು, ಇದನ್ನು ಮರೆಯುವವರೇ ಬಹಳ. ಅವರ ಆಸ್ತಿಗೆ ಈ ಮಗು ವಾರಸುದಾರ ಅಲ್ಲ. ಉಯಿಲಿಲ್ಲದೆ ಹೋದರೆ ಮನೆ, ತೋಟ, ಠೇವಣಿ ಎಲ್ಲ ಅವರ ತವರಿಗೆ. ಬದುಕಿರುವಾಗಲೇ ದಾನಪತ್ರ ಮಾಡೋಣ ಎಂದರೆ, ಕರ್ನಾಟಕದಲ್ಲಿ ಕುಟುಂಬದ ಪಟ್ಟಿಯಲ್ಲಿ ಇಲ್ಲದವರಿಗೆ ಕೊಡುವ ದಾನಕ್ಕೆ ಕ್ರಯದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ಮೀರಿ ಬಂದ ಕೊಡುಗೆಗೆ ಆದಾಯ ತೆರಿಗೆಯೂ ಇದೆ. ಉಯಿಲಿನಿಂದ ಬಂದದ್ದಕ್ಕೆ ಇವೆರಡೂ ಇಲ್ಲ.

ಭವಿಷ್ಯ ನಿಧಿಯಲ್ಲಿ ಒಂದು ಗುಂಡಿ ಇದೆ. ಕುಟುಂಬ ಇಲ್ಲದ ನೌಕರ ಯಾರನ್ನಾದರೂ ನಾಮಿನಿ ಮಾಡಬಹುದು, ಹಾಗಾಗಿ ನೀವು ಸಂಗಾತಿಯ ಹೆಸರು ಬರೆದಿರುತ್ತೀರಿ. ಆದರೆ ದತ್ತು ಪಡೆದ ದಿನ ಕಾನೂನಿನ ಲೆಕ್ಕದಲ್ಲಿ ನಿಮಗೆ ಕುಟುಂಬ ಬಂತು, ಹಳೆಯ ನಾಮನಿರ್ದೇಶನ ತಾನಾಗಿಯೇ ಬಿದ್ದುಹೋಯಿತು. ಕೂಡಲೇ ಮಗುವಿನ ಹೆಸರಿಗೆ ಹೊಸದು ಸಲ್ಲಿಸಿ. ಬ್ಯಾಂಕ್ ಖಾತೆಗೆ ಈ ತೊಡಕಿಲ್ಲ. 2025ರ ನವೆಂಬರ್ 1ರಿಂದ ನಾಲ್ವರವರೆಗೂ ನಾಮಿನಿ ಇಡಬಹುದು. ಸಲಿಂಗ ಜೋಡಿ ಜಂಟಿ ಖಾತೆ ತೆರೆಯಲು, ಪರಸ್ಪರ ನಾಮಿನಿ ಆಗಲು ಅಡ್ಡಿಯಿಲ್ಲ ಎಂದು ಕೇಂದ್ರ ಹಣಕಾಸು ಸೇವೆಗಳ ಇಲಾಖೆ 2024ರ ಆಗಸ್ಟ್ 28ರಂದು ಸ್ಪಷ್ಟಪಡಿಸಿದೆ. ಪಡಿತರ ಚೀಟಿಗೂ ಒಂದೇ ಮನೆಯವರೆಂದು ಪರಿಗಣಿಸಿ ಎಂದು ರಾಜ್ಯಗಳಿಗೆ ಪತ್ರ ಹೋಗಿದೆ. ಕೌಂಟರಿನಲ್ಲಿ ಕೂತವರಿಗೆ ಇದು ಗೊತ್ತಿರುವುದಿಲ್ಲ. ಈ ಬಗ್ಗೆ 2024ರ ಸೆಪ್ಟೆಂಬರ್ 1ರ ಕೇಂದ್ರ ಸರ್ಕಾರದ ಪತ್ರಿಕಾ ಪ್ರಕಟಣೆಯ ಒಂದು ಪ್ರತಿ ಕೈಯಲ್ಲಿರಲಿ. ನಾಮಿನಿ ಎಂದರೆ ಹಣ ಪಡೆದುಕೊಳ್ಳುವವರು, ಒಡೆಯರಲ್ಲ ಎನ್ನುವುದೂ ತಿಳಿದಿರಲಿ. ಒಡೆತನ ನಿರ್ಧರಿಸುವುದು ಉಯಿಲೇ.

ಸುಕನ್ಯಾ ಸಮೃದ್ಧಿ ಖಾತೆಯನ್ನು ಕಾಗದದಲ್ಲಿರುವವರೇ ತೆರೆಯಲಿ, ದುಡ್ಡು ಯಾರದೇ ಆಗಿರಲಿ.

ದಿನಬಳಕೆಗೆ ಒಂದು ಅಧಿಕಾರ ಪತ್ರ ಬೇಕು. ನೋಟರಿ ಮಾಡಿಸಿ ನಾಲ್ಕು ಪ್ರತಿ ಇಡಿ: ಶಾಲೆಗೆ, ಮಕ್ಕಳ ವೈದ್ಯರಿಗೆ, ಸಂಗಾತಿಯ ಚೀಲಕ್ಕೆ, ಮನೆಗೆ. ಒಕ್ಕಣೆ ಹೀಗಿರಬಹುದು: "ನನ್ನ ಅಪ್ರಾಪ್ತ ವಯಸ್ಸಿನ ಮಗುವಾದ ಇಂಥವರನ್ನು ನನ್ನ ಗೈರುಹಾಜರಿಯಲ್ಲಿ ನೋಡಿಕೊಳ್ಳುವ, ಶಾಲೆಯಿಂದ ಕರೆದೊಯ್ಯುವ, ಪೋಷಕರ ಸಭೆಗೆ ಹಾಜರಾಗುವ, ಲಸಿಕೆ ಹಾಗೂ ತುರ್ತು ಶಸ್ತ್ರಚಿಕಿತ್ಸೆ ಸೇರಿದಂತೆ ಎಲ್ಲ ವೈದ್ಯಕೀಯ ಚಿಕಿತ್ಸೆಗೆ ಒಪ್ಪಿಗೆ ಕೊಡುವ ಅಧಿಕಾರವನ್ನು ನನ್ನೊಂದಿಗೆ ಇದೇ ವಿಳಾಸದಲ್ಲಿ ವಾಸಿಸುವ ಇಂಥವರಿಗೆ ಕೊಟ್ಟಿದ್ದೇನೆ. ಇವರು ನನ್ನ ಮಗುವಿನ ಕಾನೂನುಬದ್ಧ ಉಸ್ತುವಾರಿಯಲ್ಲಿ ಇರುವವರು." ಕೊನೆಯ ಸಾಲನ್ನು ಬಿಡಬೇಡಿ. 12 ವರ್ಷದೊಳಗಿನ ಮಗುವಿನ ಒಳಿತಿಗಾಗಿ ಪಾಲಕರ ಅಥವಾ ಕಾನೂನುಬದ್ಧ ಉಸ್ತುವಾರಿಯಲ್ಲಿ ಇರುವವರ ಒಪ್ಪಿಗೆಯಿಂದ ಸದುದ್ದೇಶದಿಂದ ಮಾಡಿದ್ದು ಅಪರಾಧವಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ 27ನೇ ಕಲಮು ಹೇಳುತ್ತದೆ. ಸಹಿ ಹಾಕಿಸಿಕೊಳ್ಳಲು ಹಿಂಜರಿಯುವ ಡಾಕ್ಟರಿಗೆ ಧೈರ್ಯ ಕೊಡುವ ಪದ ಅದೇ.

ಬಾಡಿಗೆ ಕರಾರು ಇಬ್ಬರ ಹೆಸರಿನಲ್ಲೂ ಇರಲಿ. ಒಬ್ಬರ ಹೆಸರಲ್ಲಿದ್ದು ಅವರಿಗೆ ಏನಾದರೂ ಆದರೆ ಇನ್ನೊಬ್ಬರು ಮಗುವಿನ ಸಮೇತ ಬೀದಿಗೆ.

ಮಗುವಿನ ದಾಖಲೆ, ಶಾಲೆ

ದತ್ತು ಆದೇಶ ಸಿಕ್ಕ ಕೂಡಲೇ ನಿಮ್ಮ ಹೆಸರಿರುವ ಜನನ ಪ್ರಮಾಣಪತ್ರ ಮಾಡಿಸಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ, ಆಧಾರ್‌ಗೆ, ಪಾಸ್‌ಪೋರ್ಟಿಗೆ ಹುಟ್ಟಿದ ದಿನದ ದಾಖಲೆ ಇದೊಂದೇ. ಐದರೊಳಗಿನ ಮಗುವಿನ ಆಧಾರ್‌ಗೆ ಬೆರಳಚ್ಚು ಬೇಡ, ಐದಕ್ಕೂ ಹದಿನೈದಕ್ಕೂ ನವೀಕರಿಸಬೇಕು. ಹೆತ್ತ ತಾಯಿ ಒಂಟಿಯಾಗಿದ್ದರೆ ತಂದೆಯ ಹೆಸರು ಹೇಳುವಂತೆ ಒತ್ತಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಪಾಸ್‌ಪೋರ್ಟಿಗೂ ಒಬ್ಬ ಪೋಷಕರ ಹೆಸರು ಸಾಕು, 2016ರ ಡಿಸೆಂಬರ್‌ನಿಂದ.

ಶಾಲಾ ಅರ್ಜಿಯಲ್ಲಿ ಇಲ್ಲದ ಪೋಷಕರ ಜಾಗದಲ್ಲಿ "ಅನ್ವಯಿಸುವುದಿಲ್ಲ" ಎಂದು ಬರೆಯಿರಿ. ಖಾಲಿ ಬಿಟ್ಟರೆ ಕಂಪ್ಯೂಟರಿಗೆ ಏರಿಸುವವರು ಏನೋ ಒಂದು ತುಂಬುತ್ತಾರೆ, ಆ ತಪ್ಪು ಹತ್ತನೇ ತರಗತಿ ಅಂಕಪಟ್ಟಿಯವರೆಗೆ ಬೆನ್ನು ಬಿಡುವುದಿಲ್ಲ. ಸಂಗಾತಿಯ ಹೆಸರನ್ನು ತುರ್ತು ಸಂಪರ್ಕ ಮತ್ತು ಕರೆದೊಯ್ಯುವವರ ಪಟ್ಟಿಯಲ್ಲಿ ಬರೆಸಿ. ದಾಖಲಾತಿಗೆ ಮುಂಚೆ ಮುಖ್ಯೋಪಾಧ್ಯಾಯರನ್ನು ಇಬ್ಬರೂ ಒಟ್ಟಿಗೆ ಭೇಟಿ ಮಾಡಿ, "ಈ ಮಗುವನ್ನು ನಾವಿಬ್ಬರು ಬೆಳೆಸುತ್ತಿದ್ದೇವೆ" ಎಂದರೆ ಸಾಕು. ಅವರ ಮುಖ ಹೇಗಾಯಿತು ಎಂಬುದರ ಮೇಲೆ ಶಾಲೆ ಆರಿಸಿ. ಫಲಿತಾಂಶದ ಶೇಕಡಾವಾರಿಗಿಂತ ಅದು ಒಳ್ಳೆಯ ಅಳತೆ.

ಮನೆಯೊಳಗಿನ ಮಾತು

ಇಬ್ಬರು ಅಮ್ಮಂದಿರನ್ನು ಕರೆಯಲು ಇಂಗ್ಲಿಷಿನ ಹೆಸರು ಹುಡುಕುವ ಅಗತ್ಯ ಇಲ್ಲ. ತುಮಕೂರಿನ ಕಡೆ ಅಮ್ಮ, ಅವ್ವ ಎರಡೂ ಬಾಯಲ್ಲಿವೆ. ಗಂಡಸರಿಗೆ ಅಪ್ಪ, ಅಪ್ಪಾಜಿ. ಮನೆಯಲ್ಲಿ ಅವ್ವ, ನೆಂಟರು ಬಂದಾಗ ಆಂಟಿ ಎಂದು ಬದಲಿಸುವುದನ್ನು ಮಾತ್ರ ಕಲಿಸಬೇಡಿ. ಮೂರು ವರ್ಷದ ಮಗುವಿಗೆ ಅದರಿಂದ ಅರ್ಥವಾಗುವುದು ಒಂದೇ, ನಮ್ಮ ಮನೆಯಲ್ಲಿ ನಾಚಿಕೆಯದು ಏನೋ ಇದೆ. ಹೊರಗೆ ಹೇಳುವುದು ನಿಜಕ್ಕೂ ಅಪಾಯವೆನಿಸಿದರೆ, ಎಲ್ಲೆಡೆ ಒಂದೇ ಆಗಿ ನಿಲ್ಲುವ "ದೊಡ್ಡಮ್ಮ", "ಮಾಮ" ಎಂಬ ಹೆಸರನ್ನು ಮೊದಲ ದಿನದಿಂದಲೇ ಇಡಿ. ಹೆಸರು ಚಿಕ್ಕದಾದರೂ ಪರವಾಗಿಲ್ಲ, ಬದಲಾಗದಿದ್ದರೆ ಸಾಕು.

ದತ್ತು ವಿಷಯವನ್ನು ಎರಡು ಮೂರು ವರ್ಷದಿಂದಲೇ, ಮುದ್ದೆ ನುಂಗಿಸುವಾಗ ಹೇಳುವ ಕತೆಯ ಹಾಗೆ ಹೇಳುತ್ತ ಬನ್ನಿ: ನಿನ್ನನ್ನು ಕರೆದುಕೊಂಡು ಬರಲು ಹೋದ ದಿನ ಮಳೆ ಬರುತ್ತಿತ್ತು, ನೀನು ಯಾವ ಬಣ್ಣದ ಅಂಗಿ ಹಾಕಿದ್ದೆ, ಯಾರನ್ನು ನೋಡಿ ಮೊದಲು ಅತ್ತೆ. ಕೂಡಿಸಿ ಹೇಳುವ ದೊಡ್ಡ ಮಾತುಕತೆ ಬೇಡ. ತಡ ಮಾಡಿದರೆ ಮದುವೆ ಮನೆಯಲ್ಲಿ ಯಾರೋ ಅಜ್ಜಿ "ಸಾಕುಮಗು ಅಲ್ವಾ ಇದು" ಎಂದುಬಿಡುತ್ತಾರೆ, ಆ ಮಾತು ನಿಮ್ಮಿಂದ ಅಲ್ಲದೆ ಅವರಿಂದ ಬಂದದ್ದಾಗುತ್ತದೆ. ಸಂಸ್ಥೆಯಿಂದ ಬಂದ ಅಂಗಿ, ಫೋಟೊ, ಆಟಿಕೆ ಏನಿದ್ದರೂ ಎತ್ತಿಡಿ. 18 ತುಂಬಿದ ಮೇಲೆ ತನ್ನ ಬೇರು ಹುಡುಕಲು ಮಗು ತಾನೇ ಅರ್ಜಿ ಹಾಕಬಹುದು. ಅದಕ್ಕೆ ಮುಂಚೆಯಾದರೆ ನಿಮ್ಮ ಜೊತೆ.

"ನಿಮ್ಮ ಮನೇಲಿ ಅಪ್ಪ ಯಾಕಿಲ್ಲ" ಎಂಬ ಪ್ರಶ್ನೆ ಒಂದನೇ ತರಗತಿಯಲ್ಲೇ ಬರುತ್ತದೆ. ಉತ್ತರವನ್ನು ಮನೆಯಲ್ಲಿ ಆಟವಾಡಿ ಅಭ್ಯಾಸ ಮಾಡಿಸಿ, ಒಂದು ಸಾಲು ಸಾಕು: "ನಮ್ಮನೇಲಿ ಅಮ್ಮ ಅವ್ವ ಇದಾರೆ." ಮುಂದಿನ ಪ್ರಶ್ನೆಗೆ "ಮನೇಲಿ ಕೇಳಿ" ಎನ್ನಲು ಮಗುವಿಗೆ ಹಕ್ಕಿದೆ ಎಂದೂ ಕಲಿಸಿ. ನಿಮ್ಮ ಸಂಬಂಧವನ್ನು ಊರಿಗೆ ವಿವರಿಸುವ ಕೆಲಸ ಮಗುವಿನದಲ್ಲ.

ನಿಮ್ಮಿಬ್ಬರ ನಡುವೆ ಬಿರುಕು ಬಂದರೆ ಎನ್ನುವುದನ್ನೂ ಈಗಲೇ ಮಾತಾಡಿ ಬರೆದಿಡಿ. ಬೇರೆಯಾದಾಗ ಕಾಗದದಲ್ಲಿ ಇಲ್ಲದವರಿಗೆ ಮಗುವನ್ನು ನೋಡುವ ಹಕ್ಕು ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ. ವಾರಕ್ಕೆ ಎಷ್ಟು ದಿನ, ಶಾಲೆಯ ಶುಲ್ಕ ಯಾರು ಎಷ್ಟು, ಊರು ಬಿಡುವ ಮುಂಚೆ ಎಷ್ಟು ತಿಂಗಳ ಮುನ್ಸೂಚನೆ ಎಂದು ಎರಡು ಪುಟ ಬರೆದು ಸಹಿ ಹಾಕಿ. ಕೋರ್ಟ್ ಇದನ್ನು ಡಿಕ್ರಿಯಂತೆ ಜಾರಿ ಮಾಡುವುದಿಲ್ಲ, ಆದರೆ ಮಗುವಿನ ಹಿತ ತೂಗುವಾಗ ಇದು ಸಾಕ್ಷಿ. ಸಿಟ್ಟಿನಲ್ಲಿ ಇಬ್ಬರಿಗೂ ಒಂದು ಲಗಾಮು.

ಎಲ್ಲ ಕಾಗದವನ್ನೂ ಒಂದೇ ಕಡತದಲ್ಲಿಡಿ: ದತ್ತು ಆದೇಶ ಅಥವಾ ನೋಂದಾಯಿತ ಪತ್ರ, ಜನನ ಪ್ರಮಾಣಪತ್ರ, ಎರಡು ಉಯಿಲು, ಅಧಿಕಾರ ಪತ್ರ, ಲಸಿಕೆ ಕಾರ್ಡ್, ಇಬ್ಬರೂ ಮಗುವಿನ ಜೊತೆ ಇರುವ ವರ್ಷಕ್ಕೊಂದು ಫೋಟೊ, ಸಂಗಾತಿ ಕಟ್ಟಿದ ಶಾಲಾ ಶುಲ್ಕದ ರಸೀದಿಗಳು. ರಸೀದಿ ಎಸೆಯಬೇಡಿ. ಮಗುವನ್ನು ಯಾರು ಬೆಳೆಸಿದರು ಎಂದು ಯಾರಾದರೂ ಕೇಳಿದ ದಿನ ಬೇಕಾಗುವುದು ಅವೇ. ಕಡತದ ಒಂದು ನಕಲು ಮುಚ್ಚಳಿಕೆ ಬರೆದುಕೊಟ್ಟ ಸಂಬಂಧಿಯ ಮನೆಯಲ್ಲಿರಲಿ. ಅಧಿಕಾರ ಪತ್ರವನ್ನು ಪ್ರತಿ ಜೂನ್‌ನಲ್ಲಿ, ಶಾಲೆ ತೆರೆಯುವ ವಾರ, ಹೊಸ ದಿನಾಂಕ ಹಾಕಿಸಿ ನೋಟರಿ ಮಾಡಿಸಿ. ಮೂರು ವರ್ಷ ಹಳೆಯ ಪತ್ರ ಹಿಡಿದು ಹೋದರೆ ಆಸ್ಪತ್ರೆಯ ಕೌಂಟರಿನವರು "ಇದು ಈಗಲೂ ನಡೆಯುತ್ತಾ" ಎಂದು ಮೊದಲು ಕೇಳುತ್ತಾರೆ.